ಅಕ್ಕ, ಎಡಕ್ಕೆ ನೋಡು: ಘಾನಾದಲ್ಲಿ ಎಂಟು ದಿನ

ಹೊರಡುವ ಮುಂಚೆ

ನನ್ನ ತಮ್ಮ ಘಾನಾದ ತೇಮಾದಲ್ಲಿ ಒಂದು ಕಾರ್ಖಾನೆಗೆ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಫೋನ್ ಮಾಡಿದಾಗಲೆಲ್ಲ "ಯಾವಾಗ ಬರ್ತೀಯ ಅಕ್ಕ" ಅಂತ ಒಂದೇ ರಾಗ. ಈ ಜನವರಿಯಲ್ಲಿ ರಜೆ ಹಾಕಿ ಹೊರಟೇಬಿಟ್ಟೆ.

ಹೊರಡುತ್ತೇನೆ ಅಂದ ಕೂಡಲೇ ಮೈಸೂರಿನ ನಮ್ಮ ಬೀದಿಯವರೆಲ್ಲ ಒಂದೊಂದು ಹೆದರಿಕೆ ತಂದುಕೊಟ್ಟರು. ಎದುರುಮನೆಯವರಿಗೆ ಆಫ್ರಿಕಾ ಅಂದರೆ ಸಿಂಹ. ಮಗನಿಗೆ ಎಬೋಲಾ. 2014ರಲ್ಲಿ ಅದು ದೊಡ್ಡದಾಗಿ ಹರಡಿದ್ದು ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾಗಳಲ್ಲಿ. ಆಗ ಘಾನಾದಲ್ಲಿ ಒಂದು ಕೇಸೂ ಆಗಿರಲಿಲ್ಲ. ಕಾಶ್ಮೀರದಲ್ಲಿ ಹಿಮ ಬಿತ್ತು ಅಂತ ಮಂಗಳೂರಿನಲ್ಲಿ ಸ್ವೆಟರ್ ಹಾಕಿಕೊಳ್ಳುತ್ತೇವಾ? ಅತ್ತೆಗೆ ಕಳ್ಳರ ಭಯ. "ಬಳೆ, ಸರ ಎಲ್ಲ ಬಿಚ್ಚಿಟ್ಟು ಹೋಗು" ಅಂದವರು ಅದೇ ಉಸಿರಿನಲ್ಲಿ, "ಅಲ್ಲಿ ಚಿನ್ನ ಅಗ್ಗವಂತೆ, ಒಂದೆಳೆ ಸರ ಸಿಕ್ಕಿದರೆ ನೋಡು" ಅಂದರು.

ನಿಜವಾಗಿ ಓಡಾಡಿಸಿದ್ದು ಹಳದಿ ಜ್ವರದ ಲಸಿಕೆ. ಬೆಂಗಳೂರಿಗೆ ಹೋಗಿಯೇ ಹಾಕಿಸಿಕೊಂಡೆ. ಚುಚ್ಚಿದ ಹತ್ತು ದಿನಕ್ಕೆ ಸರ್ಟಿಫಿಕೇಟ್ ಊರ್ಜಿತವಾಗುತ್ತದೆ, ಆಮೇಲೆ ಜೀವಮಾನಪೂರ್ತಿ ನಡೆಯುತ್ತದೆ. ಅಂದರೆ ಟಿಕೆಟ್ ನಾಳೆ ಇದೆ ಅಂತ ಇವತ್ತು ಓಡಿದರೆ ಉಪಯೋಗವಿಲ್ಲ. ಈ ಲಸಿಕೆಯನ್ನು ಮೊಟ್ಟೆಯಲ್ಲಿ ಬೆಳೆಸಿ ತಯಾರಿಸುತ್ತಾರಂತೆ. "ಮೊಟ್ಟೆ ತಿಂದರೆ ಅಲರ್ಜಿ ಆಗುತ್ತಾ?" ಅಂತ ನರ್ಸಮ್ಮ ಕೇಳಿದರು. ಹುಟ್ಟಿದಾಗಿನಿಂದ ತಿಂದವಳಲ್ಲ, ಏನು ಹೇಳಲಿ? ಚುಚ್ಚಿ ಅರ್ಧ ಗಂಟೆ ಕೂರಿಸಿಕೊಂಡರು. ಏನೂ ಆಗಲಿಲ್ಲ.

ಮಲೇರಿಯಾಕ್ಕೆ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಹೊರಡುವ ಎರಡು ದಿನ ಮುಂಚೆ ಶುರು ಮಾಡಿ, ವಾಪಸ್ ಬಂದ ಮೇಲೂ ನಾಲ್ಕು ವಾರ ದಿನಕ್ಕೊಂದು. "ಊರಿಗೆ ಬಂದೆ ಅಂತ ನಿಲ್ಲಿಸಬೇಡಿ, ಎಲ್ಲರೂ ಮಾಡೋ ತಪ್ಪು ಅದೇ" ಅಂದರು. ಪ್ರವಾಸದ ವಿಮೆಯನ್ನೂ ಮಾಡಿಸಿದೆ.

ಶುಕ್ರವಾರ

ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಮಧ್ಯಾಹ್ನ ಘಾನಾದ ರಾಜಧಾನಿ ಆಕ್ರಾದ ಕೊಟೊಕಾ ನಿಲ್ದಾಣದಲ್ಲಿ ಇಳಿದೆ. ಗೋಡೆಯ ಮೇಲೆ ದೊಡ್ಡದಾಗಿ "ಅಕ್ವಾಬಾ" ಅಂತ ಬರೆದಿದ್ದರು. ಸ್ವಾಗತ ಅಂತ ಅರ್ಥ. ಪಾಸ್‌ಪೋರ್ಟಿಗಿಂತ ಮೊದಲು ನೋಡಿದ್ದು ಲಸಿಕೆಯ ಹಳದಿ ಪುಸ್ತಕ.

ತಮ್ಮ ಮೊದಲೇ ತಾಕೀತು ಮಾಡಿದ್ದ. "ಹೊರಗೆ ಬಂದ ತಕ್ಷಣ ಯಾರಾದರೂ ನಿನ್ನ ಟ್ರಾಲಿ ಹಿಡಿತಾರೆ. ನಗ್ತಾ ಬೇಡ ಅನ್ನು. ನನ್ನ ಮುಖ ಕಾಣೋವರೆಗೂ ಒಳಗೇ ಇರು." ಹಾಗೇ ಆಯಿತು. ಇಬ್ಬರು ಬಂದರು, ಇಬ್ಬರಿಗೂ ನಕ್ಕೆ, ಇಬ್ಬರೂ ನಕ್ಕು ಹೋದರು.

ತೇಮಾದ ಮನೆಯಲ್ಲಿ ಸೂಟ್‌ಕೇಸ್ ಬಿಚ್ಚಿದಾಗ ಅವನು ಮೊದಲು ಎತ್ತಿ ಕಪಾಟಿಗೆ ಹಾಕಿದ್ದು ನನ್ನ ಟೋಪಿ. ಬಿಸಿಲಿಗಿರಲಿ ಅಂತ ಮಗನದ್ದು ತಂದಿದ್ದೆ, ಮಿಲಿಟರಿ ಬಣ್ಣದ ಹಸಿರು ಮಚ್ಚೆಯದು. ಘಾನಾದಲ್ಲಿ ಸೈನಿಕರಲ್ಲದವರು ಆ ಮಚ್ಚೆಯ ಬಟ್ಟೆ ಹಾಕುವಂತಿಲ್ಲ, ಕಾನೂನೇ ಇದೆ. ಚಡ್ಡಿ, ಬ್ಯಾಗು ಕೂಡ ಬೇಡ ಅಂದ. ಆಮೇಲೆ ನನ್ನ ಫೋನಿನಲ್ಲಿ 112 ಮತ್ತು 191 ಹಾಕಿಕೊಟ್ಟ. ಮೊದಲನೆಯದು ಯಾವ ತುರ್ತಿಗಾದರೂ ಸರಿ, ಎರಡನೆಯದು ಪೊಲೀಸರಿಗೆ. ಭಾರತದ ಹೈಕಮಿಷನ್ ನಂಬರನ್ನೂ ಸೇರಿಸಿದ.

ಸೊನ್ನೆ ಡಿಗ್ರಿ ರೇಖಾಂಶ ತೇಮಾದ ಮೇಲೇ ಹಾದುಹೋಗುತ್ತದೆ. ಗ್ರೀನಿಚ್ ಗೆರೆಯ ಪಕ್ಕದಲ್ಲಿ ಕೂತು ತಮ್ಮ ಮಾಡಿದ ಬಿಸಿಬೇಳೆಬಾತ್ ತಿಂದು, ಸೊಳ್ಳೆಪರದೆಯೊಳಗೆ ಮಲಗಿದೆ.

ಶನಿವಾರ

ಕಳ್ಳರ ಬಗ್ಗೆ ಅತ್ತೆ ಹೇಳಿದ್ದನ್ನೆಲ್ಲ ಪಾಲಿಸಿದ್ದೆ. ದುಡ್ಡು ಮೂರು ಕಡೆ ಹಂಚಿಟ್ಟಿದ್ದೆ, ಬ್ಯಾಗನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದೆ, ಪಾಸ್‌ಪೋರ್ಟಿನ ಜೆರಾಕ್ಸ್ ಮಾತ್ರ ಹಿಡಿದಿದ್ದೆ. ಇಷ್ಟು ಭದ್ರವಾಗಿ ಆಕ್ರಾದ ಒಂದು ರಸ್ತೆ ದಾಟಲು ಬಲಕ್ಕೆ ನೋಡಿದೆ. ಖಾಲಿ ಇತ್ತು. ಕಾಲಿಟ್ಟೆ.

"ಅಕ್ಕ, ಎಡಕ್ಕೆ ನೋಡು!"

ತಮ್ಮ ರಟ್ಟೆ ಹಿಡಿದು ಎಳೆದ. ಮೂಗಿನ ಮುಂದೆ ಒಂದು ಟ್ರೋಟ್ರೋ ಹೋಯಿತು. ಟ್ರೋಟ್ರೋ ಅಂದರೆ ನಮ್ಮ ಮ್ಯಾಕ್ಸಿಕ್ಯಾಬಿನಂಥ ವ್ಯಾನು. ಅದರ ಕಂಡಕ್ಟರನಿಗೆ ಅಲ್ಲಿ "ಮೇಟ್" ಅನ್ನುತ್ತಾರೆ. ಆ ಮೇಟ್ ಕಿಟಕಿಯಿಂದ ತಲೆ ಹೊರಹಾಕಿ ಏನೋ ಬೈದ. ಅರ್ಥವಾಗಲಿಲ್ಲ, ಆದರೂ ಪೂರ್ತಿ ಅರ್ಥವಾಯಿತು.

ಘಾನಾದಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಬ್ರಿಟಿಷರ ಕಾಲದಲ್ಲಿ ನಮ್ಮ ಹಾಗೇ ಎಡಗಡೆ ಇತ್ತು. ಸುತ್ತಲಿನ ಫ್ರೆಂಚ್ ಮಾತಿನ ದೇಶಗಳಲ್ಲೆಲ್ಲ ಬಲಗಡೆ ಓಡಿಸುತ್ತಾರೆ ಅಂತ 1974ರ ಆಗಸ್ಟ್ 4ರಂದು ಇವರೂ ಬದಲಾಯಿಸಿಕೊಂಡರು. ಇಡೀ ದೇಶ ಒಂದೇ ದಿನದಲ್ಲಿ ಕಲಿತದ್ದನ್ನು ಕಲಿಯಲು ನನಗೆ ಎಂಟು ದಿನವೂ ಸಾಲಲಿಲ್ಲ. ಜೊತೆಗೆ ರಸ್ತೆ ಬದಿಯಲ್ಲಿ ಬಾಯಿ ತೆರೆದ ಮೋರಿಗಳು ಬೇರೆ. ಆಳವಾಗಿವೆ, ಚಪ್ಪಡಿ ಇಲ್ಲ. ಫೋನ್ ನೋಡುತ್ತಾ ನಡೆದರೆ ಕಳ್ಳನ ಅವಶ್ಯಕತೆಯೇ ಇಲ್ಲ.

ಜುಬಿಲಿ ಹೌಸ್ ಮುಂದೆ ಕಾರು ಹೋಗುವಾಗ ಫೋನ್ ಎತ್ತಿದೆ. ಅಧ್ಯಕ್ಷರ ಕಚೇರಿ ಅದು, ಅಲ್ಲಿನ ಅಸಾಂಟೆ ಅನ್ನುವ ಜನಾಂಗದ ಚಿನ್ನದ ಪೀಠದ ಆಕಾರದಲ್ಲಿ ಕಟ್ಟಿದ್ದಾರೆ. ಭಾರತದ ಸಾಲದಿಂದ ಕಟ್ಟಿದ್ದು ಅಂತ ತಮ್ಮನೇ ಹೇಳಿದ್ದ. ನಮ್ಮ ದುಡ್ಡಿನದ್ದಲ್ವಾ, ಒಂದು ಫೋಟೊ ಅಂದೆ. ಅವನು ಫೋನನ್ನು ಮೆಲ್ಲಗೆ ಕೆಳಗೆ ಒತ್ತಿದ. ಅಧ್ಯಕ್ಷರ ಕಚೇರಿ, ವಿಮಾನ ನಿಲ್ದಾಣ, ಸೈನಿಕರು, ಪೊಲೀಸರು, ಇವರ ಕಡೆ ಕ್ಯಾಮೆರಾ ತಿರುಗಿಸಬಾರದು. ಸರ್ಕಲ್ ಅಂತ ಕರೆಯುವ ಎನ್‌ಕ್ರೂಮಾ ಸರ್ಕಲಿನಲ್ಲಿ ಕಿಟಕಿ ಇಳಿಸಿ ಫೋನ್ ಹಿಡಿಯುವುದೂ ಬೇಡ ಅಂದ, ಬೈಕಿನವರು ಕಿತ್ತುಕೊಂಡು ಹೋಗುತ್ತಾರೆ. ಇದು ಬೆಂಗಳೂರಿಗೂ ಹೊಸದಲ್ಲ ಬಿಡಿ.

ಮಕೋಲಾ ಮಾರ್ಕೆಟ್ಟಿಗೆ ಹೋದೆವು. ಕೆ.ಆರ್. ಮಾರ್ಕೆಟ್ಟನ್ನು ಹಬ್ಬದ ಹಿಂದಿನ ದಿನ ನೋಡಿದವರಿಗೆ ಅಲ್ಲಿ ಹೆದರಿಕೆಯೇನೂ ಆಗುವುದಿಲ್ಲ. ತಲೆಯ ಮೇಲೆ ದೊಡ್ಡ ಬೇಸಿನ್ ಹೊತ್ತ ಹೆಣ್ಣುಮಕ್ಕಳು "ಆಗೋ, ಆಗೋ" ಅಂತ ದಾರಿ ಕೇಳುತ್ತಾ ನುಗ್ಗುತ್ತಾರೆ. ಇವರನ್ನು ಕಾಯಾಯೇ ಅನ್ನುತ್ತಾರೆ, ಬಹಳ ಮಂದಿ ಉತ್ತರದ ಹಳ್ಳಿಗಳಿಂದ ಕೂಲಿಗೆ ಬಂದವರು. ಅಲ್ಲಿ ಬಟ್ಟೆ ಕೊಂಡೆ. ಬಲಗೈಯಲ್ಲಿ ಚೀಲ ಇತ್ತು, ಎಡಗೈಯಿಂದ ದುಡ್ಡು ಚಾಚಿದೆ. ಅಂಗಡಿಯಾಕೆ ಕೈ ಮುಂದೆ ಮಾಡಲೇ ಇಲ್ಲ. ಸುಮ್ನೆ ನನ್ನ ಕೈ ನೋಡುತ್ತಾ ನಿಂತಳು. ಒಂದು ಕ್ಷಣ ಬೇಕಾಯಿತು ತಿಳಿಯಲು. ಆಮೇಲೆ ನಾಚಿಕೆಯಾಯಿತು. ಎಡಗೈಯಲ್ಲಿ ಕೊಟ್ಟಿದ್ದಕ್ಕೆ ನಮ್ಮಜ್ಜಿ ಕೈಮೇಲೆ ಹೊಡೆದದ್ದು ಎಷ್ಟು ಸಲ! ಎಂಟು ಸಾವಿರ ಕಿಲೋಮೀಟರಿಗೂ ದೂರ ಹೋಗಿ ಅದನ್ನೇ ಮರೆತೆ. ಬಲಗೈ ಬಿಡುವಿಲ್ಲದಿದ್ದರೆ "ಸಾರಿ ಫಾರ್ ಲೆಫ್ಟ್" ಅಂತ ಹೇಳಿಯೇ ಕೊಡುತ್ತಾರಂತೆ. ಹೇಳಿದೆ. ನಕ್ಕಳು, ಬೆಲೆ ಮಾತ್ರ ಇಳಿಸಲಿಲ್ಲ.

ಭಾನುವಾರ

ಲಬಾಡಿ ಕಡಲತೀರ. ಹಾರ್ಮಟಾನ್ ಗಾಳಿಯ ಕಾಲವಿದು. ಸಹಾರಾದಿಂದ ಧೂಳು ಬಂದು ಆಕಾಶ ಬೂದಿ ಬಣ್ಣವಾಗಿರುತ್ತದೆ, ತುಟಿ ಒಡೆಯುತ್ತದೆ.

ನಾನು ಮುರ್ಡೇಶ್ವರ, ಗೋಕರ್ಣ ನೋಡಿದವಳು, ಕಡಲು ಗೊತ್ತು ಅಂದುಕೊಂಡಿದ್ದೆ. ಮೊಣಕಾಲವರೆಗೆ ಇಳಿದೆ. ಅಲೆ ಬಂದದ್ದು ಗೊತ್ತಾಯಿತು. ಹೋಗುವಾಗ ಅದು ಕಾಲಡಿಯ ಮರಳನ್ನೆಲ್ಲ ಬಾಚಿಕೊಂಡು ನನ್ನನ್ನೂ ಎಳೆಯಿತು. ಕುಕ್ಕರಿಸಿ ಬಿದ್ದೆ. ಕನ್ನಡಕ ಗಿನಿ ಕೊಲ್ಲಿಯ ಪಾಲಾಯಿತು. ದಡದಲ್ಲಿದ್ದ ಕಾವಲಿನವನು ಸೀಟಿ ಊದಿ, ಕೈಯಾಡಿಸಿ ಹಿಂದೆ ಬರಲು ಹೇಳಿದ. ನೀರು ದಡದಿಂದ ಆಚೆಗೆ ಸೆಳೆಯುವ ಜಾಗ ಆ ತೀರದಲ್ಲಿ ಅಲ್ಲಲ್ಲಿ ಇರುತ್ತದೆ. ಸೆಳೆತಕ್ಕೆ ಸಿಕ್ಕಿದರೆ ನೇರ ದಡಕ್ಕೆ ಈಜಲು ಹೋಗಿ ಸುಸ್ತಾಗುವವರೇ ಮುಳುಗುವುದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿ, ಆಮೇಲೆ ತಿರುಗಬೇಕು. ಇದನ್ನೆಲ್ಲ ಅವನು ವಿವರಿಸುವಾಗ ನಾನು ಅವನ ಎಡಕ್ಕೆ ನಿಂತಿದ್ದ ತೆಂಗಿನ ಮರವನ್ನು ನೋಡುತ್ತಾ ತಲೆಯಾಡಿಸಿದೆ ಅಂತ ತಮ್ಮ ಈಗಲೂ ಹೇಳಿ ನಗುತ್ತಾನೆ. ಇನ್ನೊಂದು ಕನ್ನಡಕ ಪೆಟ್ಟಿಗೆಯಲ್ಲಿತ್ತು, ಪುಣ್ಯ.

ಹಾಗಾದರೆ ವೋಲ್ಟಾ ಸರೋವರದಲ್ಲಿ ಕಾಲಾಡಿಸೋಣ ಅಂದೆ. ಅಕೊಸೊಂಬೊ ಅಣೆಕಟ್ಟಿನಿಂದ ಆದ ಭಾರೀ ಕೆರೆ ಅದು, ಸುಮಾರು 8,500 ಚದರ ಕಿಲೋಮೀಟರ್. ಅದೂ ಬೇಡವಂತೆ. ದಡದ ನಿಂತ ನೀರಿನಲ್ಲಿ ಒಂದು ಜಾತಿಯ ಬಸವನಹುಳು ಇರುತ್ತದೆ. ಅದರಿಂದ ಬರುವ ಕಣ್ಣಿಗೆ ಕಾಣದ ಹುಳು ಚರ್ಮದ ಮೂಲಕವೇ ಒಳಗೆ ಹೋಗಿ ಬಿಲ್‌ಹಾರ್ಜಿಯಾ ಅನ್ನುವ ಕಾಯಿಲೆ ತರುತ್ತದೆ. ದೋಣಿಯಲ್ಲಿ ಹೋಗಬಹುದು, ಇಳಿಯಬಾರದು.

ಉತ್ತರಕ್ಕೂ ಹೋಗಲಿಲ್ಲ. ಮೋಲೆ ಅಭಯಾರಣ್ಯದ ಆನೆ ನೋಡುವ ಆಸೆ ಇತ್ತು, ದಿನ ಸಾಲದು. ಅದಕ್ಕೂ ಮೇಲೆ, ಬುರ್ಕಿನಾ ಫಾಸೊ ಗಡಿಯ ಕಡೆ, ಬಾಕು ಅನ್ನುವ ಊರಿನ ಸುತ್ತಮುತ್ತ ಗಲಾಟೆ ನಡೆಯುತ್ತಿರುತ್ತದೆ. ಅತ್ತ ತಲೆ ಹಾಕಲೇಬೇಡ ಅಂದ ತಮ್ಮ. ಆ ಒಂದು ವಿಷಯದಲ್ಲಿ ಅವನು ನಗಲಿಲ್ಲ.

ಸೋಮವಾರ

ತಮ್ಮನಿಗೆ ಕೆಲಸ. ಅವನ ಪರಿಚಯದ ಡ್ರೈವರ್ ಒಬ್ಬರ ಜೊತೆ ಕೇಪ್ ಕೋಸ್ಟಿಗೆ ಹೊರಟೆ. ಆಕ್ರಾದಿಂದ ಸುಮಾರು 150 ಕಿಲೋಮೀಟರ್. ಡ್ರೈವರಣ್ಣನಿಗೆ ಅರವತ್ತರ ಹತ್ತಿರ ವಯಸ್ಸು. ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿಸಿದ.

ಕಸೋವಾದ ಟ್ರಾಫಿಕ್ಕಿನಲ್ಲಿ ನಿಂತಾಗ ಕಿಟಕಿಯ ಹೊರಗೆ ಸಂತೆಯೇ ನಡೆಯಿತು. ಬಾಳೆಕಾಯಿ ಚಿಪ್ಸ್, ಚಾರ್ಜರ್, ಅರ್ಧ ಲೀಟರಿನ ನೀರಿನ ಪ್ಯಾಕೆಟ್ಟು. ಆ ಪ್ಯಾಕೆಟ್ಟಿಗೆ "ಪ್ಯೂರ್ ವಾಟರ್" ಅನ್ನುತ್ತಾರೆ. ಮೂಲೆ ಕಚ್ಚಿ ಕುಡಿಯಬೇಕು. ಅಲ್ಲಿ ಎಲ್ಲರೂ ಕುಡಿಯುವುದು ಅದನ್ನೇ. ನಾನು ಮಾತ್ರ ಸೀಲಿದ್ದ ಬಾಟಲಿಯ ನೀರನ್ನೇ ಕುಡಿದೆ.

ದಾರಿಯಲ್ಲಿ ಒಂದು ಕಡೆ ಡ್ರೈವರಣ್ಣ ಕಾರು ನಿಲ್ಲಿಸಿ, "ಮೇಡಂ, ಐ ಆಮ್ ಕಮಿಂಗ್" ಅಂತ ಹೇಳಿ ಇಳಿದು ಹೊರಟೇಹೋದ. ಬರುತ್ತೇನೆ ಅಂತ ಹೇಳಿ ಹೋಗುವುದೇನು? ಹತ್ತು ನಿಮಿಷ ನನ್ನ ತಲೆಯಲ್ಲಿ ಅತ್ತೆ ಹೇಳಿದ ಕಳ್ಳರೆಲ್ಲ ಮೆರವಣಿಗೆ ಹೋದರು. ಆಮೇಲೆ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದ. ಅಲ್ಲಿ ಸ್ವಲ್ಪ ಹೊತ್ತು ಹೋಗಿ ಬರುವವರು ಹೇಳುವುದೇ ಹಾಗೆ. ಥೂ, ನಾವೂ ಹೊರಡುವಾಗ "ಬರ್ತೀನಿ" ಅನ್ನುವುದಿಲ್ಲವಾ!

ರಸ್ತೆ ಬದಿಯಲ್ಲಿ ವಾಚೆ ತಿಂದೆ. ಅನ್ನ, ಅಲಸಂದೆ ಕಾಳು ಒಟ್ಟಿಗೆ ಬೇಯಿಸಿದ್ದು. ಜೋಳದ ಎಲೆ ಹಾಕುವುದರಿಂದ ಕೆಂಪು ಕಂದು ಬಣ್ಣ. ಪಕ್ಕದಲ್ಲಿ ಕಪ್ಪಗೆ ಮಿನುಗುವ ಚಟ್ನಿ ಬಡಿಸಲು ಬಂದರು. ಶಿಟೊ ಅಂತ ಹೆಸರು, ಒಣಮೀನು ಮತ್ತು ಸಿಗಡಿಪುಡಿ ಹಾಕಿ ಮಾಡಿದ್ದು. ಮಾಂಸ ಬೇಡ ಅಂದರೆ ಮೀನೂ ಬೇಡ ಅಂತ ಅಲ್ಲಿ ಯಾರಿಗೂ ಹೊಳೆಯುವುದಿಲ್ಲ. ಬಿಡಿಸಿ ಹೇಳಬೇಕು. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಗುರುತಿಲ್ಲದ ಹೆಂಗಸು ನನ್ನ ಮುಖ ನೋಡಿ "ಯೂ ಆರ್ ಇನ್ವೈಟೆಡ್" ಅಂದಳು. ತನ್ನ ತಟ್ಟೆಯಿಂದ ತಿನ್ನಲು ಕರೆದದ್ದು. ನಮ್ಮ ಹಳ್ಳಿಯ "ಊಟಕ್ಕೆ ಬನ್ನಿ" ಇದೇ ತಾನೇ.

ಮಂಗಳವಾರ

ಮಂಗಳವಾರ ಈ ತೀರದಲ್ಲಿ ಮೀನು ಹಿಡಿಯಲು ಹೋಗುವುದಿಲ್ಲ. ಕಡಲಿಗೆ ಅದು ಬಿಡುವಿನ ದಿನ ಅಂತ ಹಿಂದಿನಿಂದ ಬಂದ ನಂಬಿಕೆ. ಬಣ್ಣ ಬಣ್ಣದ ದೋಣಿಗಳೆಲ್ಲ ದಡದಲ್ಲಿ, ಗಂಡಸರು ಬಲೆ ಹೆಣೆಯುತ್ತಾ ಕೂತಿದ್ದರು. ಕೇಳದೆ ಫೋಟೊ ತೆಗೆದರೆ ಸಿಟ್ಟಾಗುತ್ತಾರೆ. ಮೊದಲು ನಮಸ್ಕಾರ, ಆಮೇಲೆ ಹೇಗಿದ್ದೀರಿ, ಆಮೇಲೆ ಫೋಟೊ. ನಮಸ್ಕಾರವಿಲ್ಲದೆ ನೇರ ಕೆಲಸದ ಮಾತಿಗೆ ಬಂದರೆ ಅಲ್ಲಿ ಅದು ಒರಟುತನ.

ಕೇಪ್ ಕೋಸ್ಟ್ ಕೋಟೆ ಬಿಳಿ ಸುಣ್ಣದಲ್ಲಿ ಮಿನುಗುತ್ತದೆ. 1653ರಲ್ಲಿ ಸ್ವೀಡನ್ನಿನವರು ಶುರುಮಾಡಿದ್ದು, ಆಮೇಲೆ ಬ್ರಿಟಿಷರ ಕೈಗೆ ಬಂತು. ಫಿರಂಗಿಗಳೆಲ್ಲ ಕಡಲ ಕಡೆ ಮುಖ ಮಾಡಿವೆ. ಹೆದರಿಕೆ ಇದ್ದದ್ದು ಬೇರೆ ಯುರೋಪಿಯನ್ನರ ಹಡಗುಗಳದ್ದು. ಒಳಗೆ ಗುಲಾಮರಾಗಿ ಮಾರಲು ಹಿಡಿದಿಟ್ಟ ಜನರ ಕೈಗೆ ಬೇಡಿಯಿತ್ತು.

ನೆಲಮಾಳಿಗೆಗೆ ಇಳಿಯುವ ದಾರಿ ಇಳಿಜಾರು, ಕಲ್ಲು ನುಣುಪು. ಗೈಡ್ ದೀಪ ಆರಿಸಿದ. ಮೇಲೆ ಒಂದು ಕಿಂಡಿಯಿಂದ ಅಂಗೈಯಷ್ಟು ಬೆಳಕು. ನೂರಾರು ಗಂಡಸರನ್ನು ಇಲ್ಲಿ ತುಂಬಿಟ್ಟು ಹಡಗು ಬರುವವರೆಗೆ ಕಾಯಿಸುತ್ತಿದ್ದರು. ನೆಲದಲ್ಲಿ ಒಂದು ಸಣ್ಣ ಕಾಲುವೆ, ಅಷ್ಟೂ ಜನರ ಮಲಮೂತ್ರಕ್ಕೆ. ಇದರ ನೇರ ಮೇಲೆ ಪ್ರಾರ್ಥನಾಮಂದಿರ ಇತ್ತಂತೆ. ನಮ್ಮ ಗುಂಪಿನಲ್ಲಿ ಅಮೆರಿಕದಿಂದ ಬಂದ ಒಬ್ಬ ವಯಸ್ಸಾದ ಕಪ್ಪು ಮಹಿಳೆ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು. ಯಾರೂ ಏನೂ ಹೇಳಲಿಲ್ಲ, ನನ್ನ ಫೋನ್ ತಾನಾಗಿ ಬ್ಯಾಗಿಗೆ ಹೋಯಿತು. ಅವರನ್ನು ಹಡಗಿಗೆ ಸಾಗಿಸುತ್ತಿದ್ದ "ಹಿಂತಿರುಗದ ಬಾಗಿಲು" ದಾಟಿದರೆ ಥಟ್ಟನೆ ಬಿಸಿಲು, ಕಡಲು, ಒಣಗಿದ ಬಲೆ, ಚೆಂಡಾಡುವ ಮಕ್ಕಳು.

ಹೊರಗೆ ಬರುತ್ತಿದ್ದಂತೆ ಒಬ್ಬ ಹುಡುಗ "ಸಿಸ್ಟರ್, ನಿಮ್ಮ ಹೆಸರೇನು?" ಅಂದ. ಇದನ್ನೂ ತಮ್ಮ ಹೇಳಿದ್ದ. ಹೆಸರು ಹೇಳಿದರೆ ವಾಪಸ್ ಬರುವಷ್ಟರಲ್ಲಿ ಅದನ್ನು ಬರೆದ ಕೈಪಟ್ಟಿಯೋ ಚಿಪ್ಪೋ ಸಿದ್ಧವಾಗಿರುತ್ತದೆ, ನಿಮಗಾಗಿಯೇ ಮಾಡಿದ್ದು ಅಂತ ದುಡ್ಡು ಕೇಳುತ್ತಾರೆ. ಶಾಲೆಯ ಫುಟ್‌ಬಾಲ್ ತಂಡಕ್ಕೆ ಚಂದಾ ಅಂತ ಕಾಗದ ಹಿಡಿದವರೂ ಇರುತ್ತಾರೆ. ಅಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿ ಇದೆ. ಶನಿವಾರ ಹುಟ್ಟಿದ ಗಂಡು ಕ್ವಾಮೆ, ಶುಕ್ರವಾರದವನು ಕೋಫಿ. ನಾನು ಬುಧವಾರದವಳು. ಜಾಣತನ ಮಾಡಿ "ಅಕುವಾ" ಅಂದೆ. ಹುಡುಗ ಬಿದ್ದುಬಿದ್ದು ನಕ್ಕ. "ಇದು ಫಾಂಟೆ ಜನರ ಊರು, ಇಲ್ಲಿ ಎಕುವಾ ಅಂತೀವಿ."

ಅರ್ಧ ಗಂಟೆಯಲ್ಲಿ ಚಿಪ್ಪು ಬಂತು. ಎಕುವಾ ಅಂತ ಬರೆದಿತ್ತು. ಕೊಂಡೆ. ಈಗ ನಮ್ಮ ಟಿವಿ ಮೇಲಿದೆ.

ಬುಧವಾರ

ಬೆಳಗ್ಗೆಯೇ ಕಾಕುಮ್ ಕಾಡಿಗೆ. ಶಾಲೆಯ ಮಕ್ಕಳ ದಂಡು ಬರುವ ಮುಂಚೆ ಹೋಗಬೇಕು ಅಂತ ಡ್ರೈವರಣ್ಣನ ಸಲಹೆ. ಮರಗಳ ನೆತ್ತಿಯ ಮಟ್ಟದಲ್ಲಿ ಹಗ್ಗದ ತೂಗುಸೇತುವೆ. ಒಟ್ಟು ಏಳು ತುಂಡು, 350 ಮೀಟರ್, ಅತಿ ಎತ್ತರದಲ್ಲಿ ಸುಮಾರು 40 ಮೀಟರ್. 1995ರಲ್ಲಿ ತೆರೆದದ್ದು. ಬಲೆ ಎದೆಮಟ್ಟಕ್ಕಿದೆ, ಬೀಳುವ ಭಯವಿಲ್ಲ, ಆದರೆ ಇದನ್ನು ನನ್ನ ಮೊಣಕಾಲುಗಳಿಗೆ ಯಾರೂ ಹೇಳಿರಲಿಲ್ಲ. ಮುಂದೆ ಹೋದ ಹುಡುಗರು ಬೇಕಂತಲೇ ಕುಣಿಸಿದರು. "ಸ್ಮಾಲ್ ಸ್ಮಾಲ್" ಅಂತ ಗೈಡ್ ಹಿಂದಿನಿಂದ ಹೇಳುತ್ತಿದ್ದ. ಮೆಲ್ಲಮೆಲ್ಲಗೆ ಅಂತ. ತುಂಬು ತೋಳು, ಕಾಲುಚೀಲ, ಸೊಳ್ಳೆ ಮುಲಾಮು. ಆನೆ ಇದೆಯಂತೆ, ಕಾಣಲಿಲ್ಲ.

ಮಧ್ಯಾಹ್ನ ಎಲ್ಮಿನಾ ಕೋಟೆ, ಪೋರ್ಚುಗೀಸರು 1482ರಲ್ಲಿ ಕಟ್ಟಿದ್ದು. ನಿನ್ನೆಯ ಭಾರ ಇಳಿದಿರಲಿಲ್ಲ, ಬೇಗ ಹೊರಗೆ ಬಂದೆ.

ಸಂಜೆ ಉಳಿದುಕೊಂಡಿದ್ದ ಜಾಗದ ಅಂಗಳದಲ್ಲಿ ಟಿಪ್‌ಟಾಪಾಗಿ ಬಟ್ಟೆ ಹಾಕಿದವರೊಬ್ಬರು ಮಾತಿಗೆ ಕೂತರು. ಭಾರತ, ಕ್ರಿಕೆಟ್, ಹಿಂದಿ ಸಿನಿಮಾ ಎಲ್ಲ ಆದಮೇಲೆ ತಮ್ಮ ಚಿಕ್ಕಪ್ಪನ ಗಣಿಯ ಚಿನ್ನದ ಪುಡಿ, ಪೇಟೆಗಿಂತ ಅರ್ಧ ಬೆಲೆಗೆ ಅಂದರು. ಇದಪ್ಪಾ ನಮ್ಮತ್ತೆಯ ಸರ! ಪರವಾನಗಿ ಇಲ್ಲದೆ ಅಲ್ಲಿ ಚಿನ್ನ ಕೊಂಡು ಹೊರಗೆ ಒಯ್ಯುವಂತಿಲ್ಲ. ಕೊಟ್ಟದ್ದು ಹಿತ್ತಾಳೆ ಪುಡಿಯಾದರೂ ಆಶ್ಚರ್ಯವಿಲ್ಲ. "ನಮ್ಮತ್ತೆಯನ್ನು ಕೇಳಿ ಹೇಳುತ್ತೇನೆ" ಅಂದೆ. ಅವರಿಗೆ ಅತ್ತೆ ಅನ್ನುವವರ ತೂಕ ಗೊತ್ತಿತ್ತು ಅಂತ ಕಾಣುತ್ತದೆ, ಎದ್ದುಹೋದರು.

ಗುರುವಾರ

ಬೆಳಕಿರುವಾಗಲೇ ಆಕ್ರಾ ಸೇರಬೇಕು ಅಂತ ತಮ್ಮ ನೂರು ಸಲ ಹೇಳಿದ್ದ. ಎರಡಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಟೈರು ಸಿಡಿಯಿತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ.

ಡ್ರೈವರಣ್ಣ ಮೊದಲು ಮಾಡಿದ ಕೆಲಸ, ಪೊದೆಯಿಂದ ಹಸಿರು ಕೊಂಬೆ ಮುರಿದು ತಂದು ರಸ್ತೆಯಲ್ಲಿ ಹಿಂದೆ ದೂರದವರೆಗೆ ಸಾಲಾಗಿ ಹಾಕಿದ. ನಮ್ಮ ಲಾರಿಯವರೂ ಹೀಗೇ ಮಾಡುವುದು, ಕಲ್ಲು ಸೇರಿಸುತ್ತಾರೆ ಅಷ್ಟೆ. ನನ್ನನ್ನು ಕಾರಿನಿಂದ ಇಳಿಸಿ ರಸ್ತೆಯಿಂದ ಆಚೆ, ಮೋರಿ ದಾಟಿಸಿ, ಒಂದು ಅಂಗಡಿಯ ಬೆಂಚಿನಲ್ಲಿ ಕೂರಿಸಿದ. ಅಂಗಡಿಯಮ್ಮ ಕೇಳದೆಯೇ ಬೀಸಣಿಗೆ ಕೊಟ್ಟಳು. ಟೈರು ಸರಿಯಾಗುವಷ್ಟರಲ್ಲಿ ಆರೂವರೆ.

ಆ ಎಂಟು ದಿನದಲ್ಲಿ ನಿಜವಾಗಿ ಹೆದರಿದ್ದು ಆಮೇಲಿನ ಎರಡು ಗಂಟೆ. ಹಿಂದೆ ದೀಪವಿಲ್ಲದ ಲಾರಿಗಳು. ಕಪ್ಪು ರಸ್ತೆಯ ಅಂಚಿನಲ್ಲಿ ನಡೆದು ಹೋಗುವ ಜನ ಹತ್ತಡಿ ಹತ್ತಿರ ಬಂದಾಗಲೇ ಕಾಣುತ್ತಿದ್ದರು. ಎದುರಿನ ಬಸ್ಸು ಇನ್ನೊಂದನ್ನು ಹಿಂದೆ ಹಾಕಲು ನಮ್ಮ ಕಡೆಗೇ ನುಗ್ಗುತ್ತಿತ್ತು. ನಾನು ಕೂತಿದ್ದ ಜಾಗದಿಂದ ಎಲ್ಲವೂ ತಪ್ಪು ದಿಕ್ಕಿನಿಂದ ಬಂದ ಹಾಗೆ. ತಡವಾಯಿತು ಅಂತ ಡ್ರೈವರಣ್ಣ ಜೋರು ಮಾಡಿದಾಗ "ಪ್ಲೀಸ್, ಸ್ಮಾಲ್ ಸ್ಮಾಲ್" ಅಂದೆ. ಕನ್ನಡಿಯಲ್ಲಿ ನನ್ನನ್ನು ನೋಡಿ ನಿಧಾನ ಮಾಡಿದ. ಪೊಲೀಸ್ ತಪಾಸಣೆ ಬಂದಲ್ಲೆಲ್ಲ ಕಾರಿನೊಳಗಿನ ದೀಪ ಹಾಕಿ, ಕಿಟಕಿ ಇಳಿಸಿ, "ಗುಡ್ ಈವ್ನಿಂಗ್" ಅನ್ನುತ್ತಿದ್ದ. ಅವರೂ ಅಂದು ಕೈಬೀಸಿ ಬಿಡುತ್ತಿದ್ದರು.

ತಮ್ಮ ಗೇಟಿನಲ್ಲೇ ನಿಂತಿದ್ದ. ಏನೂ ಹೇಳಲಿಲ್ಲ. ಅನ್ನ, ಸಾರು ಬಿಸಿಯಾಗಿತ್ತು.

ಶುಕ್ರವಾರ, ಆಮೇಲೆ

ವಿಮಾನ ಹತ್ತಿಸುವಾಗ ತಮ್ಮ ಮತ್ತೆ ಹಳದಿ ಪುಸ್ತಕ ಕೈಯಲ್ಲಿದೆಯಾ ನೋಡಿದ. ಹಳದಿ ಜ್ವರದ ದೇಶದಿಂದ ಬರುವವರ ಹತ್ತಿರ ಅದಿಲ್ಲದಿದ್ದರೆ ನಮ್ಮವರೇ ಆರು ದಿನದವರೆಗೆ ಬೇರೆ ಇಡಬಹುದು. ಬೆಂಗಳೂರಿನಲ್ಲಿ ತೋರಿಸಿದೆ, ಮುದ್ರೆ ಬಿತ್ತು.

ಎರಡು ವಾರಕ್ಕೆ ಸರಿಯಾಗಿ ಜ್ವರ ಬಂತು. ಮಾತ್ರೆ ಬಿಡದೆ ನುಂಗುತ್ತಿದ್ದೆ. ಆದರೂ ಡಾಕ್ಟರ ಮುಂದೆ ಕೂತ ಕೂಡಲೇ ಮೊದಲ ಮಾತಾಗಿ "ಘಾನಾಕ್ಕೆ ಹೋಗಿ ಬಂದೆ" ಅಂದೆ. ತಮ್ಮನ ಕಟ್ಟಪ್ಪಣೆ ಅದು. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಜಾತಿಯದು, ಒಂದೆರಡು ದಿನ ತಡ ಮಾಡಿದರೂ ಜೀವಕ್ಕೆ ಬರಬಹುದು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿದರು. ಮಲೇರಿಯಾ ಅಲ್ಲ, ಮಗನಿಂದ ಬಂದ ನೆಗಡಿ ಜ್ವರ.

ಖುಷಿಯಲ್ಲಿ ಲ್ಯಾಬಿನಿಂದ ಹೊರಬಂದೆ. ಎದುರಿಗೆ ಎಳನೀರಿನ ಗಾಡಿ ಕಂಡಿತು. ಎಡಕ್ಕೆ ನೋಡಿದೆ. ಖಾಲಿ ಇತ್ತು. ಕಾಲಿಟ್ಟೆ.

ಬಲಗಡೆಯಿಂದ ಬಂದ ಆಟೋ ಕಿರ್ರೆಂದು ನಿಂತಿತು.

"ಏನಮ್ಮಾ, ಮನೇಲಿ ಹೇಳಿ ಬಂದಿದ್ದೀಯಾ?"